ಹಗಲಿನಲ್ಲಿ ಕಣ್ಣು ಮುಚ್ಚಿದ ಗೋಸುಂಬೆ

ನಮಸ್ಕಾರ. ಗೋಸುಂಬೆ ಎಂದ ಕೂಡಲೇ ನಮಗೆ ನೆನಪಾಗುವುದು ಅದರ ಬಣ್ಣ. ಮಾತು ಬದಲಿಸುವವರನ್ನು ಬೈಯುವುದಕ್ಕೂ ನಾವು ಅದರ ಹೆಸರನ್ನೇ ಬಳಸುತ್ತೇವೆ. ಮನೆಯಲ್ಲಿ ಸಾಕಿಕೊಂಡವರೂ ದಿನವಿಡೀ ಅದರ ಬಣ್ಣವನ್ನು ನೋಡುತ್ತಾರೆಯೇ ಹೊರತು ಕಣ್ಣನ್ನು ನೋಡುವುದಿಲ್ಲ. ನಾನೂ ಹಾಗೆಯೇ ಇದ್ದೆ, ಅದರಿಂದಾಗಿ ಒಂದು ಜೀವವನ್ನು ಕಳೆದುಕೊಂಡೆ.

ಬನಶಂಕರಿಯ ನಮ್ಮ ಮನೆಯಲ್ಲಿ ವೇಲ್ಡ್ ಕ್ಯಾಮೀಲಿಯನ್ ಜಾತಿಯ ಒಂದು ಹೆಣ್ಣು ಗೋಸುಂಬೆ ಇತ್ತು. ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ಜಾತಿ ಅದು. ಸದಾ ಮೇಲಿನ ಕೊಂಬೆಯಲ್ಲಿರುತ್ತಿದ್ದ ಅದು ಒಂದು ದಿನ ಪಂಜರದ ತಳಕ್ಕಿಳಿದು ಮೂಲೆಗಳನ್ನು ಕೆರೆಯತೊಡಗಿತು. ಏಪ್ರಿಲ್ ತಿಂಗಳ ಸೆಖೆಗೆ ತಂಪು ಹುಡುಕುತ್ತಿದೆ ಎಂದುಕೊಂಡು ಸುಮ್ಮನಾದೆ. ಮೂರನೆಯ ದಿನ ಮಧ್ಯಾಹ್ನ ಅದು ತಳದಲ್ಲಿಯೇ ಕಣ್ಣು ಮುಚ್ಚಿ ಕುಳಿತಿತ್ತು. ಹತ್ತಿರದ ಚಿಕಿತ್ಸಾಲಯದಲ್ಲಿ ನಾಯಿ, ಬೆಕ್ಕುಗಳನ್ನು ಮಾತ್ರ ನೋಡುತ್ತೇವೆ ಎಂದರು; ಇನ್ನೊಂದು ಕಡೆ ವೈದ್ಯರು ರಜೆಯಲ್ಲಿದ್ದರು. ಕೊನೆಗೆ ಊರಿನ ಇನ್ನೊಂದು ತುದಿಗೆ ಸಂಚಾರ ದಟ್ಟಣೆಯಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ತಲುಪಿದಾಗ, ಎಕ್ಸ್‌ರೇ ಚಿತ್ರದಲ್ಲಿ ಹೊಟ್ಟೆಯ ತುಂಬ ಮೊಟ್ಟೆಗಳು ಕಂಡವು. ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆಯುತ್ತಿರುವಾಗಲೇ ಅದು ಪ್ರಾಣ ಬಿಟ್ಟಿತು.

ನಮ್ಮ ಮನೆಗೆ ಗಂಡು ಗೋಸುಂಬೆ ಬಂದದ್ದೇ ಇಲ್ಲ. ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ ಎಂಬುದಾಗಲಿ, ಒಂದಡಿಯಷ್ಟು ಆಳದ ತೇವದ ಮರಳು ಸಿಗದಿದ್ದರೆ ಮೊಟ್ಟೆಗಳನ್ನು ಒಳಗೇ ತಡೆದುಕೊಂಡು ಸಾಯಬಹುದು ಎಂಬುದಾಗಲಿ ನನಗೆ ತಿಳಿದಿರಲಿಲ್ಲ. ತಳವನ್ನು ಕೆರೆಯುತ್ತಾ ಅದು ಎರಡು ದಿನ ಕೇಳಿದ್ದು ಆ ಮರಳನ್ನೇ.

ಆದ್ದರಿಂದ ನನ್ನ ಅಭಿಪ್ರಾಯ ಖಚಿತವಾಗಿದೆ: ಸರೀಸೃಪಗಳಿಗೆ ಚಿಕಿತ್ಸೆ ನೀಡುವ ವೈದ್ಯರು ಯಾರು, ಅವರು ಭಾನುವಾರ ಸಿಗುತ್ತಾರೆಯೇ ಎಂಬುದನ್ನು ವಿಚಾರಿಸಿಕೊಳ್ಳದವರು ಪಂಜರವನ್ನೇ ಕೊಳ್ಳಬಾರದು. ಕಾಡಿನಲ್ಲಿ ಬಲಹೀನವಾಗಿ ಕಂಡ ಪ್ರಾಣಿ ಬೇರೆ ಪ್ರಾಣಿಯ ಬಾಯಿಗೆ ಬೀಳುತ್ತದೆ. ಹಾಗಾಗಿ ಗೋಸುಂಬೆ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ನಾವು ‘ಇದ್ದಕ್ಕಿದ್ದಂತೆ ಹೀಗಾಯಿತು’ ಎನ್ನುವ ಹೊತ್ತಿಗೆ ಅದು ಮುಚ್ಚಿಡುವ ಶಕ್ತಿಯನ್ನೂ ಕಳೆದುಕೊಂಡಿರುತ್ತದೆ. ‘ನಾಳೆ ನೋಡೋಣ’ ಎನ್ನುವಷ್ಟು ಸಮಯ ಆಗ ಉಳಿದಿರುವುದಿಲ್ಲ.

ಆರೋಗ್ಯವಾಗಿರುವ ಗೋಸುಂಬೆ ಹಗಲಿನಲ್ಲಿ ನಿದ್ರಿಸುವುದಿಲ್ಲ. ಹಗಲು ಹೊತ್ತು ಎರಡೂ ಕಣ್ಣು ಮುಚ್ಚಿಕೊಂಡಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಕಣ್ಣು ಗುಳಿ ಬಿದ್ದಿದ್ದರೆ, ಹಿಕ್ಕೆಯ ಜೊತೆಗೆ ಬೀಳುವ ಬಿಳಿಯ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ, ದೇಹದಲ್ಲಿ ನೀರು ಬತ್ತಿದೆ ಎಂದರ್ಥ. ಬಾಯಿ ತೆರೆಯುವುದರಲ್ಲಿಯೂ ವ್ಯತ್ಯಾಸವಿದೆ. ಬಿಸಿಲಿನಲ್ಲಿ ಬಣ್ಣ ತಿಳಿಯಾಗಿ ಬಾಯಿ ತೆರೆದರೆ ಅದು ತಾಪದಿಂದ. ನೆರಳಿನಲ್ಲಿಯೂ ತಲೆಯನ್ನು ಮೇಲಕ್ಕೆತ್ತಿ ಬಾಯಿ ತೆರೆದು, ಉಸಿರಿನಲ್ಲಿ ಸದ್ದು ಕೇಳಿಸಿ, ಬಾಯಿಯಂಚಿನಲ್ಲಿ ಲೋಳೆ ಕಂಡರೆ ಶ್ವಾಸಕೋಶದ ಸೋಂಕನ್ನು ಸಂಶಯಿಸಬೇಕು. ಕೊಂಬೆಯ ಹಿಡಿತ ಸಡಿಲವಾಗುವುದು, ಕಾಲುಗಳು ಬಾಗುವುದು ಅಥವಾ ನಡುಗುವುದು, ನಾಲಿಗೆ ಹುಳುವಿನವರೆಗೆ ಚಾಚದಿರುವುದು, ಇವೆಲ್ಲ ಮೂಳೆಯಲ್ಲಿ ಕ್ಯಾಲ್ಸಿಯಂ ಕರಗುತ್ತಿರುವುದರ ಗುರುತುಗಳಾಗಿರಬಹುದು. ಮಲದ್ವಾರದಿಂದ ಕೆಂಪು ಮಾಂಸ ಹೊರಬಂದಿದ್ದರೆ ಅದನ್ನು ಒಳಕ್ಕೆ ತಳ್ಳದೆ, ಸಲೈನ್‌ನಲ್ಲಿ ನೆನೆಸಿದ ಶುಭ್ರವಾದ ಬಟ್ಟೆಯಿಂದ ಒಣಗದಂತೆ ಕಾಪಾಡಿ, ತಕ್ಷಣ ಹೊರಡಬೇಕು.

ಕ್ಯಾಲ್ಸಿಯಂ ಕೊರತೆಯ ವಿಷಯದಲ್ಲಿ ನಮ್ಮ ಅಪಾರ್ಟ್‌ಮೆಂಟುಗಳ ಕಿಟಕಿಗಳು ನಮ್ಮನ್ನು ಮೋಸಗೊಳಿಸುತ್ತವೆ. ಗಾಜಿನ ಹಿಂದೆ ಎಷ್ಟೇ ಬಿಸಿಲು ಬಿದ್ದರೂ, ಕ್ಯಾಲ್ಸಿಯಂ ಅನ್ನು ದೇಹ ಹೀರಿಕೊಳ್ಳಲು ನೆರವಾಗುವ ಡಿ3 ಜೀವಸತ್ವ ಉಂಟಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣಗಳನ್ನು ಗಾಜು ಬಹುಮಟ್ಟಿಗೆ ತಡೆದುಬಿಡುತ್ತದೆ. ಅದಕ್ಕಾಗಿಯೇ ತಂದ ದೀಪದಲ್ಲಿಯೂ ಬೆಳಕು ಇರುವಾಗಲೇ ಆ ಕಿರಣಗಳು ತಿಂಗಳು ಕಳೆದಂತೆ ಕುಗ್ಗುತ್ತವೆ. ಜುಲೈ, ಆಗಸ್ಟ್ ತಿಂಗಳುಗಳ ಮೋಡ ಕವಿದ ಬೆಂಗಳೂರಿನಲ್ಲಿ ಇದು ಇನ್ನಷ್ಟು ಚಿಂತೆಯ ಮಾತು.

ತುರ್ತಿನಲ್ಲಿ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಮಾಡಬಾರದ್ದು ಬಹಳ. ಸುಸ್ತಾಗಿದೆಯೆಂದು ಬಾಯಿ ತೆರೆಸಿ ನೀರು ಸುರಿದರೆ ಆ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಬಿಸಿಲಿನಿಂದ ಬಳಲಿದ್ದರೆ ಐಸ್ ನೀರು ಬೇಡ. ನೆರಳಿಗೆ ತಂದು ಉಗುರುಬೆಚ್ಚಗಿನ ನೀರನ್ನು ಮಂಜಿನಂತೆ ಸಿಂಪಡಿಸಿದರೆ ಸಾಕು. ಮನುಷ್ಯರ ಮಾತ್ರೆಗಳನ್ನು ಅರೆದು ಕೊಡುವುದಂತೂ ಕೂಡದು. ಗಾಳಿಯಾಡುವ ಡಬ್ಬಿಯಲ್ಲಿ ಒಂದು ಕೊಂಬೆಯನ್ನು ಬಿಗಿಯಾಗಿ ಕೂರಿಸಿ, ಪ್ರಾಣಿಯನ್ನು ಅದರ ಮೇಲಿರಿಸಿ, ಬಟ್ಟೆ ಮುಚ್ಚಿ ಕತ್ತಲು ಮಾಡಿಕೊಂಡು ಹೊರಡಬೇಕು. ಜೊತೆಗೆ ಹಿಕ್ಕೆಯ ಮತ್ತು ಪಂಜರದ ಫೋಟೋಗಳಿದ್ದರೆ ವೈದ್ಯರಿಗೆ ಅರ್ಧ ಕಥೆ ತಿಳಿದಂತಾಗುತ್ತದೆ.

ಇನ್ನೊಂದು ಅಡ್ಡಿಯನ್ನೂ ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇಂಥ ವಿದೇಶಿ ಜಾತಿಗಳನ್ನು ಸಾಕುವವರು ಅವುಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕಾಗಿದೆ. ಕಾಗದಪತ್ರವಿಲ್ಲದ ಭಯದಿಂದ ವೈದ್ಯರ ಬಳಿಗೆ ಹೋಗದೆ, ಸಿಕ್ಕಸಿಕ್ಕವರ ಸಲಹೆಯಂತೆ ಔಷಧ ಹಾಕುವುದು ಪ್ರಾಣಿಗೆ ಮಾಡುವ ಎರಡನೆಯ ಅನ್ಯಾಯ. ನಮ್ಮ ನಾಡಿನದೇ ಗೋಸುಂಬೆಯನ್ನಂತೂ ಅದೇ ಕಾಯ್ದೆಯ ಪ್ರಕಾರ ಸಾಕುವಂತೆಯೇ ಇಲ್ಲ. ಕನಕಪುರ ರಸ್ತೆಯಲ್ಲಿ ಅದು ಗಾಯಗೊಂಡು ಬಿದ್ದಿರುವುದನ್ನು ಕಂಡರೆ ಮನೆಗೆ ಒಯ್ಯದೆ, ಅರಣ್ಯ ಇಲಾಖೆಗೆ ಅಥವಾ ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಗೆ ತಿಳಿಸಿ.

ಈಗ ನಮ್ಮಲ್ಲಿ, ನೋಂದಣಿ ಪತ್ರದೊಂದಿಗೆ ಬಂದ ಒಂದು ಗಂಡು ಗೋಸುಂಬೆ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಅದರ ತೂಕವನ್ನು ಗ್ರಾಂ ಲೆಕ್ಕದಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಅದೇ ಪುಸ್ತಕದ ಮೊದಲ ಪುಟದಲ್ಲಿ ಮೂವರು ವೈದ್ಯರ ದೂರವಾಣಿ ಸಂಖ್ಯೆಗಳಿವೆ. ಮತ್ತೊಂದು ಹೆಣ್ಣನ್ನು ತರುವ ಧೈರ್ಯ ನನಗೆ ಇನ್ನೂ ಬಂದಿಲ್ಲ.