ಚಿಪ್ಪು ನೋಡಿ ನೆಂಟಸ್ತಿಕೆ ಕಟ್ಟಬೇಡಿ

ನಮಸ್ಕಾರ. ಕಡಲ ದಂಡೆಯಲ್ಲಿ ಒಂದು ಚಂದದ ಶಂಖ ಬಿದ್ದಿರುತ್ತದೆ. ಎತ್ತಿಕೊಳ್ಳೋಣ ಅಂತ ಬಗ್ಗುತ್ತೀರಿ. ಅಷ್ಟರಲ್ಲಿ ಅದಕ್ಕೆ ಕಾಲು ಬಂದು ಓಡತೊಡಗುತ್ತದೆ! ಒಳಗಿರುವುದು ಸನ್ಯಾಸಿ ಏಡಿ. ಆ ಚಿಪ್ಪನ್ನು ಕಟ್ಟಿದ್ದು ಬಸವನಹುಳುವಿನ ಜಾತಿಯ ಜೀವಿ. ಅದು ಸತ್ತು ಮನೆ ಖಾಲಿಯಾದ ಮೇಲೆ ಏಡಿ ಬಾಡಿಗೆ ಇಲ್ಲದೆ ಬಂದು ಸೇರಿಕೊಂಡಿದೆ. ಈಗ ಹೇಳಿ, ಇದರಲ್ಲಿ ‘ಚಿಪ್ಪುಮೀನು’ ಯಾರು? ಮನೆ ಕಟ್ಟಿದವನೋ, ಒಳಗೆ ಕೂತವನೋ?

ನಾವು ಇಬ್ಬರಿಗೂ ಅದೇ ಹೆಸರು ಇಟ್ಟುಬಿಟ್ಟಿದ್ದೇವೆ. ಶೆಲ್‌ಫಿಶ್. ಇಬ್ಬರೂ ಮೀನಲ್ಲ, ಬೆನ್ನುಮೂಳೆಯೇ ಇಲ್ಲ. ಅದು ಹೋಗಲಿ ಬಿಡಿ. ನನ್ನ ತಕರಾರು ‘ಮೀನಿನ’ ಮೇಲಲ್ಲ, ‘ಚಿಪ್ಪಿನ’ ಮೇಲೆ. ಆ ಪದ ಕೇಳಿದ ತಕ್ಷಣ ಇವೆಲ್ಲ ಒಂದೇ ಮನೆತನ ಅನ್ನಿಸುತ್ತದೆ, ಅಲ್ವಾ? ಏಡಿ, ಸೀಗಡಿ, ಲಾಬ್‌ಸ್ಟರ್ ಕೀಲುಗಾಲಿನ ಸಂಧಿಪದಿಗಳು. ಸಿಂಪಿ, ಕಪ್ಪೆಚಿಪ್ಪು, ಬಸವನಹುಳು ಮೆತ್ತನೆ ಮೈಯ ಮೃದ್ವಂಗಿಗಳು. ಇವರ ವಂಶಗಳು ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ.

ಚಿಪ್ಪನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಕಪ್ಪೆಚಿಪ್ಪಿನ ಮೇಲೆ ಗೆರೆಗಳಿರುತ್ತವೆ. ಎರಡು ಹೋಳು ಕೂಡುವ ಕಡೆ ಒಂದು ಉಬ್ಬು ಇದೆಯಲ್ಲ, ಅದೇ ಅದರ ಬಾಲ್ಯ. ಅಲ್ಲಿಂದ ಅಂಚಿಗೆ ಸುಣ್ಣ ಸೇರಿಸುತ್ತಾ, ಸೇರಿಸುತ್ತಾ, ಹುಟ್ಟಿದಾಗಿನ ಮನೆಯನ್ನೇ ದೊಡ್ಡದು ಮಾಡಿಕೊಂಡು ಹೋಗುತ್ತದೆ. ಏಡಿಗೆ ಆ ಸೌಭಾಗ್ಯ ಇಲ್ಲ. ಅದರ ಕವಚ ಬೆಳೆಯುವುದಿಲ್ಲ, ಬಿಗಿಯಾಗುತ್ತದೆ. ಆಗ ಹಿಂಭಾಗದಲ್ಲಿ ಕವಚ ಬಿರಿಯುತ್ತದೆ. ಏಡಿ ಹಿಂದೆ ಹಿಂದೆ ಸರಿದು, ಒಂದೊಂದೇ ಕಾಲು ಎಳೆದುಕೊಂಡು ಹೊರಗೆ ಬರುತ್ತದೆ. ಕಣ್ಣಿನ ಮೇಲಿನ ಪೊರೆ, ಹೊಟ್ಟೆಯ ಒಳಪದರವನ್ನು ಕೂಡ ಬಿಟ್ಟು ಬರುತ್ತದೆ. ದಂಡೆಯಲ್ಲಿ ಸಿಗುವ ಎಷ್ಟೋ ‘ಸತ್ತ ಏಡಿ’ಗಳು ಸತ್ತಿರುವುದಿಲ್ಲ, ಬಟ್ಟೆ ಬದಲಾಯಿಸಿ ಹೋಗಿರುತ್ತವೆ.

ಹೀಗೆ ಪೊರೆ ಬಿಡುವವರು ಇನ್ಯಾರು? ಕೀಟಗಳು. ಸೀಗಡಿಗೆ ಸಿಂಪಿಗಿಂತ ಸೊಳ್ಳೆ ಹತ್ತಿರದ ನೆಂಟ. ಸಿಂಪಿಗೆ ಸೀಗಡಿಗಿಂತ ಎರೆಹುಳು ಹತ್ತಿರ. ಜೀವಿಗಳನ್ನು ಗುಂಪುಗುಂಪಾಗಿ ವಿಂಗಡಿಸಿದ ವಿಜ್ಞಾನಿ ಲಿನೇಯಸ್ 1758ರಲ್ಲಿ ಏಡಿಯನ್ನು ಕೀಟಗಳ ಗುಂಪಿಗೆ ಹಾಕಿದ್ದ. ಆಮೇಲೆ ಬಂದವರು ಎರಡನ್ನೂ ಬೇರೆ ಮಾಡಿದರು. ಈಗ ಡಿಎನ್‌ಎ ನೋಡಿದರೆ ಕೀಟಗಳೇ ಏಡಿ, ಸೀಗಡಿಗಳ ವಂಶದೊಳಗಿಂದ ಹೊರಟ ಕವಲು. ಆ ಮುದುಕ ಪೂರ್ತಿ ತಪ್ಪಿರಲಿಲ್ಲ ನೋಡಿ.

ಆದರೆ ಬಾರ್ನಕಲ್ ವಿಷಯದಲ್ಲಿ ಅವನೂ ಚಿಪ್ಪು ನೋಡಿ ಮೋಸಹೋದ. ಹಡಗಿನ ತಳಕ್ಕೆ, ಬಂಡೆಗೆ ಅಂಟಿಕೊಂಡ ಸುಣ್ಣದ ಪುಟ್ಟ ಗೋಪುರಗಳು ಅವು. ಚಿಪ್ಪಿದೆ, ಅಲ್ಲಾಡುವುದಿಲ್ಲ, ಸರಿ, ಕಪ್ಪೆಚಿಪ್ಪಿನ ಪಕ್ಕ ಕೂರಿಸಿದ. ಜಾನ್ ವಾನ್ ಥಾಂಪ್ಸನ್ ಎಂಬ ಜೀವಿಶಾಸ್ತ್ರಜ್ಞ ಅದರ ಮರಿಗಳನ್ನು ಬೆಳೆಸಿ ನೋಡಿದರೆ, ಅವು ಕಾಲು ಬಡಿಯುತ್ತಾ ಈಜುತ್ತಿವೆ! 1830ರಲ್ಲಿ ಅವನು ಇದನ್ನು ಪ್ರಕಟಿಸಿದ. ಬೆಳೆದ ಮೇಲೆ ತಲೆ ಕೆಳಗಾಗಿ ಅಂಟಿಕೊಂಡು, ಆ ಕಾಲುಗಳಿಂದಲೇ ಊಟ ಬಾಚಿಕೊಳ್ಳುವ ಏಡಿಯ ಬಳಗ ಅದು. ಡಾರ್ವಿನ್ 1846ರಿಂದ 8 ವರ್ಷ ಇದೊಂದರ ಹಿಂದೆಯೇ ಬಿದ್ದ.

‘ಅಡುಗೆಮನೆಯ ಪದ ಅದು, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ’ ಅನ್ನಬಹುದು. ಅಡುಗೆಮನೆಯಲ್ಲಿ ಇರಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಅಲ್ಲೂ ಅದು ಎಡವುತ್ತದೆ. ಸೀಗಡಿ ಅಲರ್ಜಿ ಇರುವ ಎಲ್ಲರಿಗೂ ಸಿಂಪಿಯ ಅಲರ್ಜಿ ಇರುವುದಿಲ್ಲ. ಯುರೋಪಿನ ಲೇಬಲ್ ನಿಯಮದಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ಸೀಗಡಿಯಲ್ಲಿ ಅಲರ್ಜಿ ತರುವ ಟ್ರೊಪೊಮಯೋಸಿನ್ ಪ್ರೋಟೀನು ಹೋಲುವುದು ಯಾವುದನ್ನು ಗೊತ್ತಾ? ಜಿರಳೆಯದನ್ನು.

ಇದೇ ಬುಟ್ಟಿಗೆ ಕೆಲವರು ಕಡಲ ಮುಳ್ಳುಚೆಂಡನ್ನೂ (ಸೀ ಅರ್ಚಿನ್) ಹಾಕುತ್ತಾರೆ. ಅದು ಕಂಟಕಚರ್ಮಿ, ಅಂದರೆ ಮುಳ್ಳುಚರ್ಮದ ಜೀವಿ, ಮೂರನೆಯ ಮನೆತನ. ಅದರ ಭ್ರೂಣದಲ್ಲಿ ಮೊದಲು ತೆರೆಯುವ ತೂತು ಬಾಯಿಯಾಗುವುದಿಲ್ಲ, ಗುದವಾಗುತ್ತದೆ. ಬಾಯಿ ಆಮೇಲೆ. ನಮ್ಮ ವಂಶದ ಕ್ರಮವೂ ಅದೇ. ಹಾಗಾಗಿ ಏಡಿ, ಸಿಂಪಿಗಳ ನಡುವೆ ನಮ್ಮ ಕಡೆಯ ನೆಂಟನೊಬ್ಬ ಮುಳ್ಳು ಕೆದರಿಕೊಂಡು ಸುಮ್ನೆ ಕೂತಿದ್ದಾನೆ.