ಸಣ್ಣ ಟ್ಯಾಂಕು, ಹಳೇ ಮುಳ್ಳು

ಎಲ್ಲರಿಗೂ ನಮಸ್ಕಾರ. ಈ ಸಭಾಂಗಣದಲ್ಲಿ ಕೂತವರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಪೆಟ್ರೋಲ್ ಟ್ಯಾಂಕ್ ಕೆಳಗಿಳಿಸಿದವರೇ ಎಂದು ಸಂಘಟಕರು ಹೇಳಿದ್ದಾರೆ. ಹಾಗಾಗಿ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಎಂದರೇನು, ಇಂಧನದ ಮೀಟರಿನ ಮುಳ್ಳು ಯಾಕೆ ಆಡುತ್ತದೆ ಎಂಬಲ್ಲಿಂದ ಶುರು ಮಾಡಿ ನಿಮ್ಮ ತಾಳ್ಮೆ ಪರೀಕ್ಷಿಸುವುದಿಲ್ಲ. ಸಣ್ಣ ಟ್ಯಾಂಕಿಗೆ ಹಳೇ ಮೀಟರನ್ನು ಹೊಂದಿಸುವುದರ ಬಗ್ಗೆ ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಐದೂ ಮುಗಿಯುತ್ತವೆ ಎಂಬ ಭರವಸೆ ಮಾತ್ರ ಕೊಡಲಾರೆ.

ಈಗ ಗಾಡಿಗೆ ಸಣ್ಣ ಟ್ಯಾಂಕ್ ಕೂರಿಸುವುದು ಸಾಮಾನ್ಯವಾಗಿದೆ. ಹಳೆಯದು ತುಕ್ಕು ಹಿಡಿದಿರುತ್ತದೆ, ಗ್ಯಾಸ್ ಸಿಲಿಂಡರ್‌ಗೆ ಜಾಗ ಬೇಕಿರುತ್ತದೆ, ಅಥವಾ ಬೈಕು ನೋಡಲು ಚಂದ ಕಾಣಬೇಕಿರುತ್ತದೆ. ಟ್ಯಾಂಕ್ ಬದಲಾಗುತ್ತದೆ, ಪೈಪ್ ಬದಲಾಗುತ್ತದೆ, ಕ್ಲಾಂಪ್ ಬದಲಾಗುತ್ತದೆ. ಮೀಟರ್ ಮಾತ್ರ ಹಳೆಯದೇ. ಟ್ಯಾಂಕಿನೊಳಗಿನ ಫ್ಲೋಟೂ ಹಳೆಯದೇ. ಆಮೇಲೆ ಗಾಡಿ ದಾರಿಯಲ್ಲಿ ನಿಂತಾಗ ಮೀಟರ್ ಸುಳ್ಳು ಹೇಳಿತು ಎಂದು ದೂರು. ಪಾಪ, ಮೀಟರ್ ಸುಳ್ಳು ಹೇಳುವುದಿಲ್ಲ. ಅದಕ್ಕೆ ಲೀಟರ್ ಗೊತ್ತೇ ಇಲ್ಲ. ಫ್ಲೋಟಿನ ಕಡ್ಡಿ ಎಷ್ಟು ಡಿಗ್ರಿ ತಿರುಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅದನ್ನು ಲೀಟರ್ ಎಂದು ಓದುವವರು ನಾವು.

ಇಲ್ಲಿ ನನಗೆ ಬಹಳ ಮುಖ್ಯವಾದ ಒಂದು ಘಟನೆ ಹೇಳಲೇಬೇಕು. ಇಂಧನ ಮತ್ತು ಲೆಕ್ಕದ ಮಾತು ಬಂದರೆ ಎಲ್ಲರೂ 1983ರ ಗಿಮ್ಲಿ ಕಥೆ ಹೇಳುತ್ತಾರೆ: ಏರ್ ಕೆನಡಾದ 767 ವಿಮಾನ, ಪೌಂಡು ಕಿಲೋ ಗೊಂದಲ, ಆಕಾಶದಲ್ಲೇ ಇಂಧನ ಖಾಲಿ, ಗಿಮ್ಲಿಯ ಹಳೇ ವಾಯುನೆಲೆಯ ಮೇಲೆ ಗ್ಲೈಡರ್ ಥರ ಇಳಿದದ್ದು. ಒಳ್ಳೆಯ ಕಥೆ, ಎಲ್ಲರೂ ಬದುಕಿದರು. ಆದರೆ ಅಲ್ಲಿ ಮೀಟರ್ ಕೆಲಸವೇ ಮಾಡುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಸತ್ತ ಮೀಟರನ್ನು ಯಾರೂ ನಂಬುವುದಿಲ್ಲ.

ನಾನು ಹೇಳಬೇಕೆಂದಿರುವುದು 2005ರ ಆಗಸ್ಟ್ 6ರ ಘಟನೆ. ಟ್ಯುನಿಂಟರ್ ಸಂಸ್ಥೆಯ 1153 ಸಂಖ್ಯೆಯ ವಿಮಾನ. ಇಟಲಿಯ ಬಾರಿಯಿಂದ ಟುನೀಸಿಯಾದ ಜೆರ್ಬಾಕ್ಕೆ ಹೊರಟಿತ್ತು. ಒಳಗೆ 39 ಜನ. ವಿಮಾನ ಎಟಿಆರ್ 72. ಹಿಂದಿನ ದಿನವಷ್ಟೇ ಇಂಧನದ ಮೀಟರ್ ಕೆಟ್ಟಿತ್ತೆಂದು ಬೇರೆಯದನ್ನು ಹಾಕಿದ್ದರು. ಹಾಕಿದ್ದು ಎಟಿಆರ್ 42ರ ಮೀಟರು, ಅಂದರೆ ಅದೇ ಮನೆತನದ ಚಿಕ್ಕ ವಿಮಾನದ್ದು, ಚಿಕ್ಕ ಟ್ಯಾಂಕಿನದು. ಗಾತ್ರ ಒಂದೇ, ಪ್ಲಗ್ ಒಂದೇ, ಸಲೀಸಾಗಿ ಕೂತುಕೊಂಡಿತು. ದೀಪ ಹತ್ತಿತು, ಅಂಕಿ ಬಂತು. ಅಂಕಿ ನೋಡಿದವರಿಗೆ ಟ್ಯಾಂಕಿನಲ್ಲಿ ಬೇಕಾದಷ್ಟು ಇದೆ ಅನ್ನಿಸಿತು. ನಿಜಕ್ಕೂ ಇದ್ದದ್ದು ತೀರ ಕಡಿಮೆ.

ಸಮುದ್ರದ ಮೇಲೆ ಒಂದು ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ನಿಂತಿತು. ಮುಂದಿನದನ್ನು ಗಮನಿಸಿ. ಪೈಲಟ್‌ಗಳ ಕಣ್ಣೆದುರು ಮೀಟರ್ ಇನ್ನೂ ಇಂಧನ ಇದೆ ಎನ್ನುತ್ತಿದೆ. ಹಾಗಾದರೆ ಎಂಜಿನ್‌ನಲ್ಲೇ ಏನೋ ತೊಂದರೆ ಎಂದು ಮತ್ತೆ ಮತ್ತೆ ಚಾಲೂ ಮಾಡಲು ನೋಡಿದರು. ಖಾಲಿ ಟ್ಯಾಂಕಿನ ಎಂಜಿನ್ ಚಾಲೂ ಆಗುವುದು ಹೇಗೆ? ತುರ್ತಾಗಿ ಇಳಿಯಲು ಸಿಸಿಲಿಯ ಪಲೆರ್ಮೊ ಕಡೆ ತಿರುಗಿದ್ದರು, ಅಲ್ಲಿ ತಲುಪುವ ಮೊದಲೇ ವಿಮಾನ ನೀರಿಗೆ ಇಳಿಯಿತು. 16 ಜನ ತೀರಿಕೊಂಡರು.

ಆ ಮೀಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ತನ್ನ ಟ್ಯಾಂಕಿಗೆ ಸರಿಯಾಗಿಯೇ ಇತ್ತು, ಕೂತದ್ದು ಬೇರೆ ಟ್ಯಾಂಕಿನ ಮೇಲೆ. ನಮ್ಮಲ್ಲಿ ಟ್ಯಾಂಕ್ ಬದಲಾಗುತ್ತದೆ, ಅಲ್ಲಿ ಮೀಟರ್ ಬದಲಾಯಿತು. ವ್ಯತ್ಯಾಸ ಅಷ್ಟೇ. ನಮ್ಮ ಗಾಡಿ ನಿಂತರೆ ತಳ್ಳಬಹುದು ಎಂಬುದು ನಮ್ಮ ಪುಣ್ಯ.

ಸರಿ, ಲೆಕ್ಕಕ್ಕೆ ಬರೋಣ. ಈ ಹಲಗೆ ಎಲ್ಲರಿಗೂ ಕಾಣುತ್ತಿದೆಯೇ? ಹಿಂದಿನ ಸಾಲಿನವರು ಮುಂದೆ ಬರಬಹುದು, ನಾನು ಪ್ರಶ್ನೆ ಕೇಳುವುದಿಲ್ಲ.

ಹಳೇ ಟ್ಯಾಂಕಿನಲ್ಲಿ ಫ್ಲೋಟ್ ಮೇಲಿಂದ ಕೆಳಗೆ 20 ಸೆಂಟಿಮೀಟರ್ ಓಡುತ್ತಿತ್ತು ಎನ್ನೋಣ. ಕಡ್ಡಿ ಸುಮಾರು 14 ಸೆಂಟಿಮೀಟರ್, ಅದು ತಿರುಗುವ ಕೀಲು ಸರಿಯಾಗಿ ನಡುವಿನ ಎತ್ತರದಲ್ಲಿ. ಆಗ ಕಡ್ಡಿ ಮೇಲೆ 45 ಡಿಗ್ರಿ, ಕೆಳಗೆ 45 ಡಿಗ್ರಿ, ಒಟ್ಟು 90 ಡಿಗ್ರಿ ತಿರುಗುತ್ತದೆ. ಕಡ್ಡಿಯ ತಿರುವನ್ನು ವಿದ್ಯುತ್ ತಡೆಯಾಗಿ ಮೀಟರಿಗೆ ತಿಳಿಸುವ ಭಾಗವೇ ಸೆಂಡರ್, ಆ ತಡೆಯ ಅಳತೆ ಓಮ್. ನಮ್ಮ ಸೆಂಡರ್ 10ರಿಂದ 180 ಓಮ್‌ನದು, ಖಾಲಿಗೆ 10, ತುಂಬಿದಾಗ 180. ಈಗ ಹೊಸ ಸಣ್ಣ ಟ್ಯಾಂಕ್, ಫ್ಲೋಟಿಗೆ ಸಿಗುವ ಓಟ 14 ಸೆಂಟಿಮೀಟರ್ ಮಾತ್ರ. ಅದೇ ಕಡ್ಡಿ ಈಗ ಸುಮಾರು 60 ಡಿಗ್ರಿಯಷ್ಟೇ ತಿರುಗುತ್ತದೆ. ಅಂದರೆ ಸೆಂಡರ್ ಕೊಡುವುದು 38ರಿಂದ 152 ಓಮ್. ಟ್ಯಾಂಕ್ ಒಣಗಿ ಹೋದರೂ ಮುಳ್ಳು ಆರನೇ ಒಂದು ಭಾಗ ಇದೆ ಎನ್ನುತ್ತದೆ. 30 ಲೀಟರ್ ಟ್ಯಾಂಕ್ ಆದರೆ ಇಲ್ಲದ ಐದು ಲೀಟರ್ ತೋರಿಸುತ್ತದೆ. ತುಂಬಿಸಿದಾಗಲೂ ಪೂರ್ತಿ ಏರುವುದಿಲ್ಲ, ಆದರೆ ಅದರಿಂದ ಯಾರೂ ದಾರಿಯಲ್ಲಿ ಉಳಿದಿಲ್ಲ. ಅದಕ್ಕೇ ನಾನು ಎಲ್ಲಿ ಹೋದರೂ ಹೇಳುವುದು: ಖಾಲಿಯ ತುದಿಯಿಂದ ಶುರು ಮಾಡಿ. ತುಂಬಿದ ತುದಿ ತಪ್ಪಿದ್ದರೆ ಅದು ಬರೀ ಬೇಸರದ ವಿಷಯ.

ಇಲ್ಲೇ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ: ಸಾರ್, ಒಂದು ರೆಸಿಸ್ಟರ್ ಹಾಕಿದರೆ ಆಗುವುದಿಲ್ಲವೇ? ಹಾಕಿ ನೋಡೋಣ. 38 ಓಮ್ 10 ಆಗಬೇಕು. ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಹಾಕಿದರೆ ಹೆಚ್ಚಾಗುತ್ತದೆ, ಅದು ಬೇಡ. ಪ್ಯಾರಲಲ್‌ನಲ್ಲಿ, ಅಂದರೆ ಪಕ್ಕಪಕ್ಕ, ಸುಮಾರು 13.6 ಓಮ್ ಹಾಕಿದರೆ ಖಾಲಿಗೆ 10 ಬರುತ್ತದೆ. ಭೇಷ್! ಈಗ ಟ್ಯಾಂಕ್ ತುಂಬಿಸಿ. 152ಕ್ಕೆ 13.6 ಪ್ಯಾರಲಲ್, ಬರುವುದು 12.5 ಓಮ್. ಖಾಲಿಯಲ್ಲಿ 10, ತುಂಬಿದಾಗ 12.5. ಮುಳ್ಳು ಖಾಲಿಯಿಂದ ಏಳುವುದೇ ಇಲ್ಲ. ರೆಸಿಸ್ಟರ್‌ಗಳನ್ನು ಹೇಗೇ ಜೋಡಿಸಿ, ಸೆಂಡರಿನ ವ್ಯಾಪ್ತಿಯನ್ನು ಕುಗ್ಗಿಸಬಹುದೇ ಹೊರತು ಹಿಗ್ಗಿಸಲಾಗದು. ಸಣ್ಣ ಟ್ಯಾಂಕಿನಲ್ಲಿ ನಮಗೆ ಬೇಕಾದದ್ದು ಹಿಗ್ಗಿಸುವುದು. ಹಾಗಾಗಿ ಮೊದಲು ಫ್ಲೋಟ್, ಆಮೇಲೆ ಮೀಟರ್.

ಕಡ್ಡಿಯನ್ನು ಮೊಟಕುಗೊಳಿಸಿ. ಸೂತ್ರ ಸರಳ: ಫ್ಲೋಟಿನ ಓಟವನ್ನು 1.41ರಿಂದ ಭಾಗಿಸಿದರೆ 90 ಡಿಗ್ರಿಗೆ ಬೇಕಾದ ಕಡ್ಡಿಯ ಉದ್ದ ಸಿಗುತ್ತದೆ. 14 ಸೆಂಟಿಮೀಟರ್ ಓಟಕ್ಕೆ ಹತ್ತು ಸೆಂಟಿಮೀಟರ್ ಕಡ್ಡಿ. ಕೀಲು ನಡುವಿನ ಎತ್ತರಕ್ಕೆ ಬರುವಂತೆ ಕೂರಿಸಿ. ಸೆಂಡರಿನ ಮೇಲಿನ ಪ್ಲೇಟಿನಿಂದ ಇಳಿಯುವ ಕಾಲು ಉದ್ದವಿದ್ದರೆ ಅದನ್ನೂ ಕತ್ತರಿಸಿ. ನಿಮ್ಮ ಸೆಂಡರ್ 90ಕ್ಕಿಂತ ಕಡಿಮೆ ತಿರುಗುವ ಜಾತಿಯದಾದರೆ ಭಾಗಿಸುವ ಅಂಕಿ ಬೇರೆ. ಸೆಂಡರನ್ನು ಕೈಯಲ್ಲಿ ಹಿಡಿದು, ಕೋನಮಾಪಕ ಇಟ್ಟು ಮೊದಲೇ ಅಳೆದುಕೊಳ್ಳಿ. ಮಕ್ಕಳ ಕಂಪಾಸ್ ಬಾಕ್ಸಿನದೇ ಸಾಕು, ಕೇಳಿ ತೆಗೆದುಕೊಳ್ಳಿ.

ಚಿಕ್ಕ ಕಡ್ಡಿಯಿಂದ ಒಂದು ಕಿರಿಕಿರಿ ಉಂಟು. ಪೆಟ್ರೋಲ್ ಒಂದು ಸೆಂಟಿಮೀಟರ್ ಅಲುಗಿದರೆ 14ರ ಕಡ್ಡಿಗಿಂತ 10ರ ಕಡ್ಡಿ ಸುಮಾರು ನಲವತ್ತು ಪ್ರತಿಶತ ಹೆಚ್ಚು ತಿರುಗುತ್ತದೆ. ಎರಡು ಲೋಹದ ಪಟ್ಟಿಯ ಹಳೇ ಬೈಮೆಟಲ್ ಮೀಟರ್ ಆದರೆ ಚಿಂತೆಯಿಲ್ಲ, ಅದು ಬಿಸಿಯಾಗಿ ನಿಧಾನಕ್ಕೆ ಆಡುವಂಥದ್ದು, ಅಲೆಗಳನ್ನೆಲ್ಲ ನುಂಗಿಕೊಳ್ಳುತ್ತದೆ. ಕಾಯಿಲ್, ಅಂದರೆ ತಂತಿ ಸುರುಳಿಯ ಮೀಟರಿನ ಮುಳ್ಳು ಪ್ರತಿ ತಿರುವಿನಲ್ಲೂ ಕುಣಿಯುತ್ತದೆ. ಅಲೆ ತಡೆಯಲು ಟ್ಯಾಂಕಿನೊಳಗೆ ತಡೆಗೋಡೆ ಇರಲೇಬೇಕು.

ಈಗ ಖಾಲಿ ಅಂದರೆ ಯಾವುದು? ಟ್ಯಾಂಕಿನ ತಳವೇ? ಅಲ್ಲ. ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ತಳಕ್ಕಿಂತ ಸ್ವಲ್ಪ ಮೇಲಿರುತ್ತದೆ. ಅದರ ಕೆಳಗಿರುವುದು ಇದ್ದೂ ಇಲ್ಲದ ಪೆಟ್ರೋಲ್. ಅಮೆರಿಕದ ವಿಮಾನ ನಿಯಮಾವಳಿಯಲ್ಲಿ ಇದು ಅಚ್ಚುಕಟ್ಟಾಗಿದೆ: ಸಮತಟ್ಟಾಗಿ ಹಾರುವಾಗ ಬಳಸಲಾಗದ ಇಂಧನ ಮಾತ್ರ ಉಳಿದಿದ್ದರೆ ಮೀಟರ್ ಸೊನ್ನೆ ತೋರಿಸಬೇಕು. ರಸ್ತೆಯ ಗಾಡಿಗೂ ಇದೇ ಸೊನ್ನೆ ಇಟ್ಟುಕೊಳ್ಳಿ. ಪಂಪ್ ಗಾಳಿ ಎಳೆಯಲು ಶುರು ಮಾಡುವ ಮಟ್ಟಕ್ಕಿಂತ ತುಸು ಮೇಲೆಯೇ ಮುಳ್ಳು ಖಾಲಿಗೆ ಬಂದು ನಿಲ್ಲಲಿ.

ಅಳೆಯುವ ವಿಧಾನ. ಟ್ಯಾಂಕ್ ಪೂರ್ತಿ ಬರಿದು ಮಾಡಿ, ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರಂತೆ. ಈ ಕೆಲಸದಲ್ಲಿ ಆ ಮಾತು ಹೇಳಲು ನಿಮಗೆ ಪೂರ್ಣ ಅಧಿಕಾರವಿದೆ, ನೆಲ ಡೊಂಕಾಗಿದ್ದರೆ ಅಳತೆಯೂ ಡೊಂಕು. ಸೆಂಡರಿನ ತಂತಿ ಮೀಟರಿನಿಂದ ಬಿಚ್ಚಿ ಓಮ್ ಅಳೆಯುವ ಮಲ್ಟಿಮೀಟರ್‌ಗೆ ಹಾಕಿ. ಎರಡೆರಡು ಲೀಟರ್ ಸುರಿಯುತ್ತಾ, ಮಟ್ಟ ನಿಂತ ಮೇಲೆ ಓಮ್ ಬರೆದುಕೊಳ್ಳಿ. ಅಳತೆಯ ಕ್ಯಾನ್ ಮೇಲೆ ನಂಬಿಕೆ ಇಲ್ಲದಿದ್ದರೆ ತೂಕ ಮಾಡಿ, ಪೆಟ್ರೋಲ್ ಲೀಟರಿಗೆ ಸುಮಾರು 0.74 ಕಿಲೋ. ನೀರು ಹಾಕಿ ಅಳೆಯುತ್ತೇವೆ ಎನ್ನುವವರೂ ಇದ್ದಾರೆ. ಬೆಂಕಿಯ ಭಯವಿಲ್ಲ ನಿಜ, ಆದರೆ ನೀರು ಭಾರವಾದ್ದರಿಂದ ಫ್ಲೋಟ್ ಅದರಲ್ಲಿ ಹೆಚ್ಚು ಮೇಲೆ ತೇಲುತ್ತದೆ, ಆಮೇಲೆ ಟ್ಯಾಂಕ್ ಒಣಗಿಸುವುದು ಬೇರೆ ಕಾಟ. ಪೆಟ್ರೋಲಿನಲ್ಲೇ ಮಾಡಿ, ಬಯಲಿನಲ್ಲಿ ಮಾಡಿ, ಬೀಡಿ ಸೇದುವವರನ್ನು ದೂರ ಕಳಿಸಿ.

ಬರೆದದ್ದನ್ನು ಗ್ರಾಫ್ ಮಾಡಿದರೆ ಗೆರೆ ನೇರ ಬರುವುದಿಲ್ಲ. ಅಡ್ಡ ಮಲಗಿಸಿದ ಸಿಲಿಂಡರ್ ಆಕಾರದ ಟ್ಯಾಂಕಿನಲ್ಲಿ ಕಾಲು ಎತ್ತರಕ್ಕೆ ಕಾಲು ಭಾಗ ಇರುವುದಿಲ್ಲ, ಶೇಕಡಾ 20ಕ್ಕಿಂತ ತುಸು ಕಡಿಮೆ. ಕಡ್ಡಿ ತಿರುಗುವ ಕೋನದ ವಕ್ರತೆಯೂ ಸೇರಿದರೆ ಮುಳ್ಳು ಕಾಲು ತೋರಿಸುವಾಗ ಒಳಗಿರುವುದು ಶೇಕಡಾ 17ರಷ್ಟು. 30 ಲೀಟರಿನಲ್ಲಿ ಏಳೂವರೆ ಇದೆ ಎಂದು ನೀವು ತಿಳಿಯುತ್ತೀರಿ, ಇರುವುದು ಐದು ಚಿಲ್ಲರೆ. ಬೈಕಿನ ಟ್ಯಾಂಕ್ ಇನ್ನೂ ವಿಚಿತ್ರ, ಫ್ರೇಮಿನ ಎರಡೂ ಕಡೆ ಇಳಿಬಿದ್ದ ಭಾಗಗಳಲ್ಲಿ ಫ್ಲೋಟ್ ಇರುವುದು ಒಂದರಲ್ಲೇ. ಇಲ್ಲಿ ಮೈಕ್ರೊಕಂಟ್ರೋಲರ್, ಅಂದರೆ ಪುಟ್ಟ ಕಂಪ್ಯೂಟರ್ ಚಿಪ್ ಇರುವ ಮಾಡ್ಯೂಲ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ನಿಮ್ಮ ಪಟ್ಟಿಯನ್ನು ಅದಕ್ಕೆ ಕೊಟ್ಟರೆ ಮುಳ್ಳಿಗೆ ಸರಿಯಾದ ಅಂಕಿ ಕಳಿಸುತ್ತದೆ, ವ್ಯಾಪ್ತಿಯನ್ನು ಹಿಗ್ಗಿಸುತ್ತದೆ ಕೂಡ. ಹಾಗಾದರೆ ಕಡ್ಡಿ ಯಾಕೆ ಕತ್ತರಿಸಬೇಕು ಎನ್ನುತ್ತೀರಿ. ಉದ್ದ ಕಡ್ಡಿ ತಡೆಗೋಡೆಗೋ ಪಕ್ಕದ ಗೋಡೆಗೋ ತಾಗಿ ಮೇಲೆಯೇ ನಿಂತುಬಿಟ್ಟರೆ, ಅದರ ಕೆಳಗೆ ಇಳಿಯುವ ಪೆಟ್ರೋಲಿನ ಬಗ್ಗೆ ಮಾಡ್ಯೂಲಿಗೆ ಯಾರು ಹೇಳುತ್ತಾರೆ? ಮೊದಲು ಫ್ಲೋಟ್, ಆಮೇಲೆ ಮೀಟರ್. ಇದನ್ನು ಆಗಲೇ ಹೇಳಿದೆನಲ್ಲ. ಇನ್ನೊಮ್ಮೆ ಹೇಳಿದರೂ ನಷ್ಟವಿಲ್ಲ.

ಚೀಟಿ ಬಂದಿದೆ. ಐದು ನಿಮಿಷ ಎಂದು ಬರೆದಿದ್ದಾರೆ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ.

ಅರ್ಥ್, ಅಂದರೆ ಕರೆಂಟು ಗಾಡಿಯ ಮೈ ಮೂಲಕ ಮರಳುವ ದಾರಿ. ಹೊಸ ಟ್ಯಾಂಕ್ ಪ್ಲಾಸ್ಟಿಕ್ಕಿನದೋ, ದಪ್ಪ ಬಣ್ಣ ಬಳಿದು ರಬ್ಬರ್ ಮೇಲೆ ಕೂರಿಸಿದ್ದೋ ಆದರೆ ಸೆಂಡರಿಗೆ ಅರ್ಥ್ ಸಿಗುವುದಿಲ್ಲ. ಬೇರೆ ತಂತಿ ಎಳೆಯಿರಿ. ಸಂಪರ್ಕ ಕಡಿದಾಗ, ಖಾಲಿಗೆ 240, ತುಂಬಿದಾಗ 33 ಓಮ್ ಇರುವ ಜಾತಿಯ ಮೀಟರ್ ಖಾಲಿ ತೋರಿಸುತ್ತದೆ, 10ರಿಂದ 180ರ ಜಾತಿಯದು ತುಂಬಿದೆ ಎನ್ನುತ್ತದೆ. ಎರಡನೆಯದರ ಬಗ್ಗೆ ಹೆಚ್ಚು ಹುಷಾರಾಗಿರಿ.

ರಿಸರ್ವ್ ದೀಪ. ಹಲವು ಗಾಡಿಗಳಲ್ಲಿ ಅದು ಫ್ಲೋಟಿನ ಮಾತು ಕೇಳುವುದಿಲ್ಲ. ಸೆಂಡರಿನ ಕಾಲಿಗೆ ಸಿಕ್ಕಿಸಿದ ಥರ್ಮಿಸ್ಟರ್, ಅಂದರೆ ಬಿಸಿ ಗುರುತಿಸುವ ಪುಟ್ಟ ಭಾಗ, ಪೆಟ್ರೋಲಿನಿಂದ ಹೊರಬಂದು ಬಿಸಿಯಾದಾಗ ದೀಪ ಹತ್ತುತ್ತದೆ. ಕಾಲು ಕತ್ತರಿಸಿದವರು ಇದರ ಎತ್ತರವನ್ನೂ ನೋಡಿಕೊಳ್ಳಿ.

ಡಿಜಿಟಲ್ ಕ್ಲಸ್ಟರ್, ಅಂದರೆ ಚಾಲಕನ ಮುಂದಿನ ಮೀಟರ್ ಫಲಕ. ಟ್ಯಾಂಕ್ 50 ಲೀಟರ್ ಎಂದು ಅದರ ನೆನಪಿನಲ್ಲಿ ಉಳಿದಿರುತ್ತದೆ. ನೀವು ಹಾಕಿದ್ದು 30. ಮುಳ್ಳು ಅರ್ಧಕ್ಕೆ ಸರಿಯಾಗಿಯೇ ನಿಂತಿರುತ್ತದೆ, ಆದರೆ ಲೀಟರಿಗೆ 15 ಕಿಲೋಮೀಟರ್ ಕೊಡುವ ಗಾಡಿಯಲ್ಲಿ ಇನ್ನು 375 ಕಿಲೋಮೀಟರ್ ಹೋಗಬಹುದು ಎಂದು ಬರೆದಿರುತ್ತದೆ. ಹೋಗುವುದು 225. ಫಲಕದ ಕೋಡಿಂಗ್‌ನಲ್ಲಿ ಟ್ಯಾಂಕಿನ ಅಳತೆ ಬದಲಿಸಲು ಬಂದರೆ ಬದಲಿಸಿ, ಬರದಿದ್ದರೆ ಆ ಅಂಕಿಯ ಮೇಲೆ ಟೇಪ್ ಅಂಟಿಸಿ.

ಐದನೆಯದು ಫ್ಲೋಟ್ ಇಲ್ಲದೆ ಮಟ್ಟ ಅಳೆಯುವ ಕೆಪ್ಯಾಸಿಟಿವ್ ಸೆಂಡರ್ ಮತ್ತು ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಈಗ ಸಮಯವಿಲ್ಲ. ಮೇಜಿನ ಮೇಲೆ ಎರಡು ಟ್ಯಾಂಕ್, ಒಂದು ಸೆಂಡರ್, ಮಲ್ಟಿಮೀಟರ್ ಇಟ್ಟಿದ್ದೇನೆ. ಟ್ಯಾಂಕುಗಳು ಪೂರ್ತಿ ಒಣಗಿವೆ, ಅಧ್ಯಕ್ಷರು ಹೆದರಬೇಕಿಲ್ಲ. ಚಹಾ ಸಮಯದಲ್ಲಿ ಬನ್ನಿ, ಕಡ್ಡಿ ಎಲ್ಲಿ ಕತ್ತರಿಸಬೇಕು ಎಂದು ಕೈಯಲ್ಲಿ ಹಿಡಿದೇ ನೋಡೋಣ.