ಬಡಾವಣೆಗೊಂದು ಕಲಾಮಂದಿರ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ನಾಟಕಕ್ಕೆ, ಸಂಗೀತಕ್ಕೆ ಒಳ್ಳೆಯ ಜಾಗಗಳಿವೆ. 1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರ, ಅದರ ಹಿಂಭಾಗದಲ್ಲೇ ಇರುವ ಸಂಸ ಬಯಲು ರಂಗಮಂದಿರ, ಹನುಮಂತನಗರದ ಕೆ.ಎಚ್. ಕಲಾಸೌಧ, 2004ರಿಂದ ಜೆ.ಪಿ. ನಗರದ ರಂಗಶಂಕರ. ಆದರೆ ಊರು ಬೆಳೆದ ಲೆಕ್ಕಕ್ಕೆ ಇವು ಎಲ್ಲಿ ಸಾಲುತ್ತವೆ? ಯಲಹಂಕದ ಹುಡುಗಿಯೊಬ್ಬಳು ತಾಲೀಮಿಗೆ ಅಂತ ಜೆ.ಪಿ. ನಗರಕ್ಕೆ ಬರಬೇಕಾದರೆ ಅರ್ಧ ಸಂಜೆ ರಸ್ತೆಯಲ್ಲೇ ಕಳೆದುಹೋಗುತ್ತದೆ. ಬಡಾವಣೆಗೊಂದು ಸಣ್ಣ ಕಲಾಮಂದಿರ ಬೇಕು ಅಂತ ನಾನು ಹೇಳುವುದು ಅದಕ್ಕೇ.

ನಾನು ಕಟ್ಟಡಗಳ ನಕ್ಷೆ ಮಾಡುವವಳು. ಸಂಜೆ ಹೊತ್ತು ಒಂದು ಹವ್ಯಾಸಿ ತಂಡಕ್ಕೆ ಬೆಳಕು ಮಾಡುತ್ತೇನೆ. ಹವ್ಯಾಸಿ ತಂಡಗಳನ್ನು ರಂಗದಿಂದ ದೂರ ಇಡುವುದು ಹಾಲ್ ಬಾಡಿಗೆ. ಆ ಬಾಡಿಗೆಯಲ್ಲಿ ಎಸಿಯ ಪಾಲು ದೊಡ್ಡದು. ಕಟ್ಟಡವನ್ನು ತಂಪಾಗಿ ಕಟ್ಟಿದರೆ ಕರೆಂಟ್ ಬಿಲ್ಲು ಇಳಿಯುತ್ತದೆ, ಬಾಡಿಗೆ ಇಳಿಸಬಹುದು, ದುಡ್ಡಿಲ್ಲದ ತಂಡವೂ ರಂಗಕ್ಕೆ ಬರಬಹುದು. ಪರಿಸರದ ಮಾತು ನನಗೆ ಶುರುವಾಗುವುದೇ ಇಲ್ಲಿಂದ.

200 ಸೀಟಿನ ಒಂದು ಹಾಲ್ ಇಟ್ಟುಕೊಳ್ಳಿ. ಒಬ್ಬ ಮನುಷ್ಯ ಸುಮ್ನೆ ಕೂತಿದ್ದರೂ ಅವನ ಮೈಯಿಂದ ಸುಮಾರು 100 ವಾಟ್ ಶಾಖ ಬರುತ್ತದೆ. 200 ಜನರಿಗೆ 20 ಕಿಲೋವಾಟ್. ರಂಗದ ಮೇಲೆ ತೂಗುವ ಹಳೇ ಪಾರ್ ಲೈಟು ಒಂದೊಂದೂ 1000 ವಾಟ್. ಅಂಥವು ಇಪ್ಪತ್ತು ಉರಿದರೆ ಇನ್ನೊಂದು 20 ಕಿಲೋವಾಟ್. ದುಡ್ಡು ಕೊಟ್ಟು ಬಿಸಿ ಮಾಡಿ, ಮತ್ತೆ ದುಡ್ಡು ಕೊಟ್ಟು ತಂಪು ಮಾಡಿದ ಹಾಗಾಯಿತು, ಅಲ್ವಾ? ಎಲ್‌ಇಡಿ ದೀಪ ಹಾಕಿದರೆ ಈ ಎರಡನೇ ಲೆಕ್ಕ ಬಹುಪಾಲು ಕರಗುತ್ತದೆ. ಉಳಿಯುವುದು ಜನರ ಬಿಸಿ. ಬಿಸಿಗಾಳಿ ತಾನೇ ಮೇಲಕ್ಕೆ ಏರುತ್ತದೆ. ಸೀಟುಗಳ ಕೆಳಗೆ ಸಣ್ಣ ಸಣ್ಣ ತೂತುಗಳಿಂದ ಹೊರಗಿನ ತಣ್ಣನೆ ಗಾಳಿಯನ್ನು ನಿಧಾನಕ್ಕೆ ಬಿಟ್ಟು, ಮಾಡಿನ ತುದಿಯಲ್ಲಿ ಬಿಸಿಗಾಳಿಗೆ ದಾರಿ ಕೊಟ್ಟರೆ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಸಂಜೆ ಏಳರ ಪ್ರಯೋಗಕ್ಕೆ ಇಲ್ಲಿನ ಗಾಳಿ ವರ್ಷದ ಹೆಚ್ಚಿನ ದಿನ ಒಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದ ಪ್ರಯೋಗಕ್ಕೆ ಒಗ್ಗುವುದಿಲ್ಲ, ಆಗ ಎಸಿ ಬೇಕು. ಇರಲಿ. ವರ್ಷವಿಡೀ ಓಡುವುದು ಬೇಡ.

ಗಾಳಿಗೆ ಬಾಗಿಲು ತೆಗೆದರೆ ಹಾರನ್ ಸದ್ದೂ ಒಳಗೆ ಬರುತ್ತದಲ್ಲ ಅಂತ ಕೇಳುತ್ತೀರಿ. ನಿಜ, ಕಷ್ಟ ಇರುವುದೇ ಅಲ್ಲಿ. ಗಾಳಿ ಬರುವ ದಾರಿಯನ್ನು ಅಂಕುಡೊಂಕು ಮಾಡಿ, ಅದರ ಗೋಡೆಗೆ ಸದ್ದು ಹೀರುವ ಪದರ ಹೊದಿಸಬೇಕು. ಗಾಳಿ ತಿರುವಿನಲ್ಲಿ ಹಾದುಬರುತ್ತದೆ, ಸದ್ದು ಬಹುಮಟ್ಟಿಗೆ ಅಲ್ಲೇ ಅಡಗುತ್ತದೆ. ಆದರೆ ಬಸ್ ಎಂಜಿನ್ನಿನ ಗುಡುಗು ಇಷ್ಟಕ್ಕೆಲ್ಲ ಬಗ್ಗುವುದಿಲ್ಲ. ಹಾಗಾಗಿ ರಸ್ತೆ ಕಡೆಗೆ ಮೆಟ್ಟಿಲು, ಸ್ಟೋರ್ ರೂಮು, ಟಿಕೆಟ್ ಕೌಂಟರು. ಹಾಲ್ ಹಿಂದಕ್ಕೆ. ಡೊಳ್ಳು, ಚಂಡೆ ಕಲಿಯುವ ಕೋಣೆ ನೆಲದ ಮೇಲೇ ಇರಬೇಕು, ಹಾಲಿನ ಗೋಡೆಗೆ ಅಂಟಿಕೊಂಡಿರಬಾರದು. ಮೇಲಿನ ಅಂತಸ್ತಿನಲ್ಲಿ ಡೊಳ್ಳು ಬಾರಿಸಿದರೆ ಕೆಳಗೆ ವೀಣೆ ನುಡಿಸುವವರ ಗತಿ ಏನು?

ಇನ್ನು ಗೋಡೆ. ಪಾಯ ತೋಡಿದಾಗ ಲಾರಿಗಟ್ಟಲೆ ಕೆಂಪು ಮಣ್ಣು ಬರುತ್ತದೆ. ಅದನ್ನು ಊರಾಚೆ ಸುರಿಯಲು ದುಡ್ಡು ಕೊಡುತ್ತೇವೆ, ಇಟ್ಟಿಗೆ ತರಿಸಲು ಮತ್ತೆ ದುಡ್ಡು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮೇಲ್ಪದರದ ಗೊಬ್ಬರದ ಮಣ್ಣು ಬಿಟ್ಟು, ಕೆಳಗಿನದನ್ನು ಜರಡಿ ಹಿಡಿದು, ಜಿಗುಟು ಜಾಸ್ತಿಯಿದ್ದರೆ ಮರಳು ಬೆರೆಸಿ, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಹಾಕಿ ಕೈಯಂತ್ರದಲ್ಲಿ ಒತ್ತುತ್ತಾರೆ. ಸನ್ನೆಕೋಲು ಎಳೆದು ಅಚ್ಚಿನ ಮುಚ್ಚಳ ತೆಗೆದಾಗ ಅಂಚು ಮುಕ್ಕಾಗದ ಹಸಿ ಇಟ್ಟಿಗೆ ಬಂದರೆ ಮಣ್ಣಿನ ಹದ ಸರಿಯಿದೆ ಅಂತ. ಆಮೇಲೆ ಸುಡಬೇಕಾಗಿಲ್ಲ. ಮೂರ್ನಾಲ್ಕು ವಾರ ನೀರು ಉಣಿಸಿದರೆ ಆಯಿತು.

ಮಳೆ ನೀರಿನ ವಿಷಯ ಎಲ್ಲರಿಗೂ ಗೊತ್ತಿರುವುದೇ, ಲೆಕ್ಕವೊಂದನ್ನು ಹೇಳುತ್ತೇನೆ. ಇಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 10,000 ಚದರ ಅಡಿ ತಾರಸಿಯ ಮೇಲೆ ಬೀಳುವುದು ಹತ್ತಿರ ಹತ್ತಿರ 9 ಲಕ್ಷ ಲೀಟರ್. ಸ್ವಲ್ಪ ಹರಿದುಹೋದರೂ ಶೌಚಾಲಯ, ಗಿಡಮರದ ಖರ್ಚಿಗೆ ದೊಡ್ಡ ಆಸರೆ. ನಾವು ಕುಡಿಯುವ ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುತ್ತಾರೆ. ಅದನ್ನು ಫ್ಲಶ್‌ಗೆ ಸುರಿಯಲು ನನಗೆ ಮನಸ್ಸು ಬಾರದು.

ಕಾರಿಗೆ ಎರಡು ಅಂತಸ್ತು ನೆಲಮಾಳಿಗೆ ಅಗೆಯುವುದನ್ನು ನಾನು ಒಪ್ಪುವುದಿಲ್ಲ. ಆ ದುಡ್ಡಿನಲ್ಲಿ ಇನ್ನೆರಡು ತಾಲೀಮು ಕೋಣೆ ಆಗುತ್ತದೆ. ಮೆಟ್ರೋಗೋ ಬಸ್ಸಿಗೋ ಹತ್ತಿರ ಇರುವ ಜಾಗ ಹುಡುಕಿ. ಅಲ್ಲೊಂದು ಹಳೇ ಹೊಂಗೆಯೋ ಮಳೆಮರವೋ ಇದ್ದರೆ ಕಟ್ಟಡವೇ ಸರಿದುಕೊಳ್ಳಲಿ. ಮರಕ್ಕೆ ಸುತ್ತ ಕಟ್ಟೆ ಹಾಕಿ. ಟಿಕೆಟ್ ಕೊಳ್ಳದವರೂ ಅಲ್ಲಿ ಕೂತು ಒಳಗಿನ ಹಾಡು ಕೇಳಲಿ.

ನಿಮ್ಮ ವಾರ್ಡಿನಲ್ಲಿ ಇಂಥ ಕಟ್ಟಡ ಬರುತ್ತದೆ ಅಂತಾದರೆ ಬಣ್ಣದ ಚಿತ್ರ ನೋಡಿ ಸುಮ್ಮನಾಗಬೇಡಿ. ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಅಂತ ಕೇಳಿ. ತಿಂಗಳ ಕರೆಂಟ್ ಬಿಲ್ಲಿನ ಅಂದಾಜು ಕೇಳಿ. ಒಂದು ಸಂಜೆಯ ಬಾಡಿಗೆ ಎಷ್ಟು, ಮಧ್ಯಾಹ್ನ ಖಾಲಿ ಇರುವ ಹಾಲನ್ನು ಭಜನಾ ಮಂಡಳಿಗೆ, ಮಕ್ಕಳ ಚಿತ್ರಕಲೆ ತರಗತಿಗೆ ಕೊಡುತ್ತೀರಾ ಅಂತ ಕೇಳಿ. ಮುಂಗಾರಿಗೆ ಮೊದಲು ತಾರಸಿ ಗುಡಿಸಿ ಮಳೆನೀರಿನ ಫಿಲ್ಟರ್ ತೊಳೆಯುವ ಒಬ್ಬರ ಸಂಬಳ ಬಜೆಟ್ಟಿನಲ್ಲಿ ಇದೆಯಾ ಅಂತಲೂ ಕೇಳಿ. ನಮಸ್ಕಾರ.